ಕೋಶ ಅಚ್ಚಾದ ಊರಿನಿಂದ ಕೋಶಕಾರರ ನಾಡಿಗೆ: ಮಂಗಳೂರಿನಿಂದ ಬಾಸೆಲ್, ಟ್ಯೂಬಿಂಗನ್ ಪ್ರವಾಸದ ಸಿದ್ಧತೆ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ಮಾತು ನಮ್ಮಲ್ಲಿ ಹಳೆಯದು. ಕನ್ನಡಿಗರು ಇಂದಿಗೂ ತೆರೆದು ನೋಡುವ ಒಂದು ದೊಡ್ಡ ಕೋಶ ಮಂಗಳೂರಿನಲ್ಲೇ ಅಚ್ಚಾಯಿತು. ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಾಸೆಲ್ ಮಿಶನ್ನಿನ ಮೂಲಕ 1894ರಲ್ಲಿ ಇಲ್ಲಿಂದ ಹೊರಬಂದಿತು. ಆ ಕೋಶವನ್ನು ರಚಿಸಿದವರು ಬಂದ ನಾಡನ್ನು ಒಮ್ಮೆ ಕಣ್ಣಾರೆ ನೋಡಿ ಬರಬೇಕೆಂಬ ಆಸೆ ಕರಾವಳಿಯ ಅನೇಕರಲ್ಲಿದೆ. ನಿವೃತ್ತ ಅಧ್ಯಾಪಕರು, ಬ್ಯಾಂಕ್ ನೌಕರರು, ಹೆಂಚಿನ ಕಾರ್ಖಾನೆಯಲ್ಲೋ ಮುದ್ರಣಾಲಯದಲ್ಲೋ ಅಜ್ಜ ದುಡಿದಿದ್ದರೆಂದು ಕೇಳಿ ಬೆಳೆದವರು, ಜರ್ಮನಿಯಲ್ಲಿ ಮಗನೋ ಮಗಳೋ ಕೆಲಸದಲ್ಲಿರುವ ತಂದೆತಾಯಿಗಳು, ಹೀಗೆ ಹಲವರು ಈ ವಿಷಯವಾಗಿ ವಿಚಾರಿಸುತ್ತಾರೆ.

ಇಂತಹ ಪ್ರವಾಸಕ್ಕೆ ಬಹುತೇಕ ಕುಟುಂಬಗಳು ನಿವೃತ್ತಿಯ ಹಣದ ಒಂದು ಪಾಲನ್ನೇ ತೆಗೆದಿಡುತ್ತವೆ. ಜೀವನದಲ್ಲಿ ಒಮ್ಮೆ ಮಾತ್ರ ಸಾಧ್ಯವಾಗುವ ಪ್ರಯಾಣವದು. ಒಂದು ಕಾಗದದ ತಪ್ಪಿನಿಂದ ವೀಸಾ ಸಿಗದೆ ಹೋದರೆ, ಅಥವಾ ಅಲ್ಲಿ ಹೋದ ಮೇಲೆ ಆರೋಗ್ಯ ಕೆಟ್ಟು ವಿಮೆ ಕೈಕೊಟ್ಟರೆ, ಆಗುವ ನಷ್ಟ ಸಣ್ಣದಲ್ಲ. ಮಾತುಕತೆಯ ವೇಳೆ ಸಮಯ ಸಾಲದೆ ಉಳಿಯುವ ವಿವರಗಳನ್ನು ಇಲ್ಲಿ ಕ್ರಮವಾಗಿ ಕೊಡಲಾಗಿದೆ.

ಎಲ್ಲಿಗೆ, ಏಕೆ?

ಮೊದಲು ಹೋಗಬೇಕಾದ ಊರುಗಳನ್ನು ನಿರ್ಧರಿಸಬೇಕು. ‘ಯೂರೋಪಿನ ಎಂಟು ದೇಶ ಹತ್ತು ದಿನದಲ್ಲಿ’ ಎಂಬ ಪ್ರವಾಸಗಳಲ್ಲಿ ಹೆಚ್ಚಿನ ಹೊತ್ತು ಬಸ್ಸಿನಲ್ಲೇ ಕಳೆದುಹೋಗುತ್ತದೆ. ನೋಡಬೇಕೆಂಬ ಉದ್ದೇಶ ಸ್ಪಷ್ಟವಿದ್ದರೆ ಮೂರು ನಾಲ್ಕು ಊರು ಸಾಕು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ ರೈನ್ ನದಿಯ ದಂಡೆಯಲ್ಲಿದೆ. ಬಾಸೆಲ್ ಮಿಶನ್ 1815ರಲ್ಲಿ ಅಲ್ಲಿ ಸ್ಥಾಪನೆಯಾಯಿತು. ಭಾರತಕ್ಕೆ ಬಂದ ಅದರ ಮೊದಲ ಪ್ರತಿನಿಧಿಗಳಾದ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ 1834ರಲ್ಲಿ ಮಂಗಳೂರಿಗೆ ಬಂದರು. ಮುಂದೆ ಇಲ್ಲಿ ಶಾಲೆ, ಮುದ್ರಣಾಲಯ, ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆ, ಎಲ್ಲವೂ ಬೆಳೆದವು. ಮಂಗಳೂರಿನಿಂದ ಹೋದ ವರದಿಗಳು, ಪತ್ರಗಳು, ನಕ್ಷೆಗಳು ಮತ್ತು ಹಳೆಯ ಛಾಯಾಚಿತ್ರಗಳು ಇಂದು ಬಾಸೆಲ್‌ನ ಮಿಶನ್ 21 ಎಂಬ ಸಂಸ್ಥೆಯ ದಾಖಲೆ ಸಂಗ್ರಹದಲ್ಲಿವೆ.

ಜರ್ಮನಿಯ ಟ್ಯೂಬಿಂಗನ್ ಒಂದು ಹಳೆಯ ವಿಶ್ವವಿದ್ಯಾಲಯದ ಊರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಓದಿದ್ದು ಅಲ್ಲೇ. ಕಿಟ್ಟೆಲ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದೂ ಅದೇ ವಿಶ್ವವಿದ್ಯಾಲಯ. ಕಿಟ್ಟೆಲ್ 1903ರಲ್ಲಿ ಆ ಊರಿನಲ್ಲೇ ತೀರಿಕೊಂಡರು. ಸಮೀಪದ ಕಾಲ್ವ್ ಎಂಬ ಪುಟ್ಟ ಊರಿನಲ್ಲಿ ಮಲಯಾಳ ನಿಘಂಟುಕಾರ ಗುಂಡರ್ಟ್ ತಮ್ಮ ಕೊನೆಯ ವರ್ಷಗಳನ್ನು ಕಳೆದರು. ಅವರ ನಿಘಂಟು ಕೂಡ 1872ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಅವರ ಮೊಮ್ಮಗ, ನೊಬೆಲ್ ಪ್ರಶಸ್ತಿ ಪಡೆದ ಲೇಖಕ ಹರ್ಮನ್ ಹೆಸ್ಸೆ, ಹುಟ್ಟಿದ್ದು ಕಾಲ್ವ್‌ನಲ್ಲಿ. ಅಲ್ಲಿ ಹೆಸ್ಸೆಯವರ ವಸ್ತುಸಂಗ್ರಹಾಲಯವಿದೆ.

ಹೊರಡುವ ಮೊದಲು ಮಂಗಳೂರಿನಲ್ಲೇ ಮಾಡಬೇಕಾದ ಕೆಲಸವೊಂದಿದೆ. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಶನ್ನಿಗೆ ಸಂಬಂಧಿಸಿದ ಹಳೆಯ ಪುಸ್ತಕ ಮತ್ತು ದಾಖಲೆಗಳ ಸಂಗ್ರಹವಿದೆ. ಅಜ್ಜನ ಹೆಸರು, ಕೆಲಸ ಮಾಡಿದ ಸ್ಥಳ, ಅಂದಾಜು ವರ್ಷ ಇವಿಷ್ಟನ್ನು ಇಲ್ಲಿಯೇ ಖಚಿತಪಡಿಸಿಕೊಂಡು ಹೋದರೆ ಬಾಸೆಲ್‌ನಲ್ಲಿ ಹುಡುಕಾಟ ಸುಲಭ. ಬಾಸೆಲ್‌ನ ಹಳೆಯ ಕೈಬರಹದ ಕಾಗದಗಳು ಹಿಂದಿನ ಕಾಲದ ಜರ್ಮನ್ ಲಿಪಿಯಲ್ಲಿವೆ. ಇಂದಿನ ಜರ್ಮನರಿಗೂ ಅದನ್ನು ಓದಲು ತರಬೇತಿ ಬೇಕು. ಆದರೆ ಛಾಯಾಚಿತ್ರಗಳಿಗೆ ಭಾಷೆಯ ತೊಡಕಿಲ್ಲ. ಸಂಗ್ರಹದ ಬಹಳಷ್ಟು ಚಿತ್ರಗಳನ್ನು ಅಂತರ್ಜಾಲದಲ್ಲಿ ಮನೆಯಲ್ಲೇ ಕುಳಿತು ನೋಡಬಹುದು. ದಾಖಲೆಗಳನ್ನು ನೋಡಬೇಕಿದ್ದರೆ ಕೆಲವು ವಾರ ಮೊದಲೇ ಪತ್ರ ಬರೆದು ದಿನ ಗೊತ್ತುಮಾಡಿಕೊಳ್ಳಬೇಕು. ನೇರವಾಗಿ ಬಾಗಿಲಿಗೆ ಹೋಗಿ ನಿಂತರೆ ಬೇಕಾದ ಕಡತ ಅಂದೇ ಕೈಗೆ ಸಿಗುವ ಭರವಸೆಯಿಲ್ಲ.

ಪಾಸ್‌ಪೋರ್ಟ್ ಮತ್ತು ಹೆಸರಿನ ಪ್ರಶ್ನೆ

ಪಾಸ್‌ಪೋರ್ಟ್ ಸೇವಾ ಕೇಂದ್ರ ಮಂಗಳೂರಿನಲ್ಲೇ ಇದೆ. ಪಾಸ್‌ಪೋರ್ಟ್ ಈಗಾಗಲೇ ಇದ್ದರೂ ಮೂರು ಸಂಗತಿಗಳನ್ನು ನೋಡಬೇಕು. ಯೂರೋಪಿನಿಂದ ಮರಳುವ ದಿನದ ನಂತರವೂ ಕನಿಷ್ಠ 3 ತಿಂಗಳು ಅದರ ಅವಧಿ ಉಳಿದಿರಬೇಕು. ಅದನ್ನು ಕೊಟ್ಟು 10 ವರ್ಷ ಮೀರಿರಬಾರದು. ಕನಿಷ್ಠ 2 ಪುಟ ಖಾಲಿ ಇರಬೇಕು.

ನಮ್ಮ ಕರಾವಳಿಯಲ್ಲಿ ಹೆಸರಿನ ತೊಡಕು ಸಾಮಾನ್ಯ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ, ಆಧಾರ್‌ನಲ್ಲಿ ಮನೆತನದ ಹೆಸರು, ಬ್ಯಾಂಕಿನಲ್ಲಿ ಗಂಡನ ಹೆಸರು ಸೇರಿರುವುದುಂಟು. ಪಾಸ್‌ಪೋರ್ಟಿನಲ್ಲಿ ಉಪನಾಮದ ಅಂಕಣ ಖಾಲಿ ಬಿಟ್ಟವರೂ ಇದ್ದಾರೆ. ವಿಮಾನದ ಟಿಕೆಟ್, ವಿಮೆ, ಹೋಟೆಲ್ ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಇರಬೇಕು. ವ್ಯತ್ಯಾಸವಿದ್ದರೆ ಅರ್ಜಿಗೆ ಮೊದಲೇ ತಿದ್ದಿಸಿಕೊಳ್ಳುವುದು ಲೇಸು.

ವೀಸಾ ಯಾವ ದೇಶದ್ದು?

ಜರ್ಮನಿ, ಸ್ವಿಟ್ಜರ್ಲೆಂಡ್ ಸೇರಿದಂತೆ 29 ದೇಶಗಳಿಗೆ ಒಂದೇ ವೀಸಾ ಸಾಕು. ಇದಕ್ಕೆ ಶೆಂಗನ್ ವೀಸಾ ಎಂದು ಹೆಸರು. ಬ್ರಿಟನ್ ಮತ್ತು ಐರ್ಲೆಂಡ್ ಇದರಲ್ಲಿ ಸೇರಿಲ್ಲ. ಅರ್ಜಿಯನ್ನು ಮಾತ್ರ ಇಷ್ಟಬಂದ ದೇಶಕ್ಕೆ ಹಾಕುವಂತಿಲ್ಲ. ಪ್ರವಾಸದ ಮುಖ್ಯ ಸ್ಥಳ, ಅಂದರೆ ಹೆಚ್ಚು ದಿನ ತಂಗುವ ದೇಶಕ್ಕೆ ಹಾಕಬೇಕು. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ.

ಒಂದು ಉದಾಹರಣೆ ನೋಡೋಣ. ಬಾಸೆಲ್‌ನಲ್ಲಿ 4 ರಾತ್ರಿ, ಟ್ಯೂಬಿಂಗನ್‌ನಲ್ಲಿ 4 ರಾತ್ರಿ, ಸ್ಟುಟ್‌ಗಾರ್ಟ್‌ನಲ್ಲಿ 2 ರಾತ್ರಿ ಎಂದಿಟ್ಟುಕೊಳ್ಳಿ. ಊರಿನ ಲೆಕ್ಕದಲ್ಲಿ ಬಾಸೆಲ್ ಮತ್ತು ಟ್ಯೂಬಿಂಗನ್ ಸಮ. ದೇಶದ ಲೆಕ್ಕದಲ್ಲಿ ಜರ್ಮನಿಗೆ 6 ರಾತ್ರಿ, ಸ್ವಿಟ್ಜರ್ಲೆಂಡಿಗೆ 4. ಆದ್ದರಿಂದ ಅರ್ಜಿ ಜರ್ಮನಿಗೆ. ಬೇಗ ಸಿಗುತ್ತದೆಂದು ಯಾರೋ ಹೇಳಿದ ಮೂರನೆಯ ದೇಶಕ್ಕೆ ಅರ್ಜಿ ಹಾಕಿ, ಅಲ್ಲಿ ತಂಗುವುದಾಗಿ ಸುಳ್ಳು ಬುಕಿಂಗ್ ತೋರಿಸುವುದು ಅಪಾಯದ ದಾರಿ.

ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ ಮೊದಲು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಬೇಕು. ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನದವರೆಗೂ ಹೋಗಬಹುದು. ಬೇಸಿಗೆಯಲ್ಲಿ ಅರ್ಜಿ ಸಲ್ಲಿಸುವ ದಿನವೇ ಬೇಗ ಸಿಗುವುದಿಲ್ಲ. ಹಾಗಾಗಿ ಮೂರು ತಿಂಗಳು ಮೊದಲೇ ಕೆಲಸ ಆರಂಭಿಸುವುದು ಒಳ್ಳೆಯದು. ಬೆರಳಚ್ಚು ಕೊಡಲು ಬೆಂಗಳೂರಿನ ಅರ್ಜಿ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕು. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ನಡೆಯುತ್ತದೆ.

2024ರ ಜೂನ್ 11ರಿಂದ ವೀಸಾ ಶುಲ್ಕ ವಯಸ್ಕರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೋ ಆಗಿದೆ. 6 ವರ್ಷದೊಳಗಿನವರಿಗೆ ಶುಲ್ಕವಿಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಅರ್ಜಿ ತಿರಸ್ಕೃತವಾದರೆ ಈ ಹಣ ಮರಳಿ ಬರುವುದಿಲ್ಲ.

ಅಧಿಕಾರಿ ಏನನ್ನು ನೋಡುತ್ತಾರೆ?

ಅರ್ಜಿ, 35 x 45 ಮಿಲಿಮೀಟರ್ ಅಳತೆಯ ಭಾವಚಿತ್ರ, ವಿಮಾನದ ಕಾದಿರಿಸಿದ ವಿವರ, ತಂಗುವ ಸ್ಥಳದ ವಿವರ, ವಿಮೆ, ಬ್ಯಾಂಕ್ ಲೆಕ್ಕಪತ್ರ, ಆದಾಯ ತೆರಿಗೆಯ ರಿಟರ್ನ್ಸ್, ದಿನವಾರು ಪ್ರವಾಸ ಪಟ್ಟಿ ಇವು ಮುಖ್ಯ ಕಾಗದಗಳು. ಇವೆಲ್ಲದರ ಹಿಂದೆ ಇರುವ ಪ್ರಶ್ನೆಗಳು ಮೂರೇ. ಈ ವ್ಯಕ್ತಿ ಏಕೆ ಬರುತ್ತಿದ್ದಾರೆ? ಖರ್ಚಿಗೆ ಹಣ ಎಲ್ಲಿಂದ? ಅವಧಿ ಮುಗಿದ ಮೇಲೆ ಹಿಂದಿರುಗುತ್ತಾರೆಯೇ?

ನೌಕರರು ರಜೆ ಮಂಜೂರಾದ ಪತ್ರವನ್ನೂ, ನಿವೃತ್ತರು ಪಿಂಚಣಿ ದಾಖಲೆಯನ್ನೂ, ವ್ಯಾಪಾರಿಗಳು ಜಿಎಸ್‌ಟಿ ನೋಂದಣಿಯನ್ನೂ ಕೊಡಬೇಕು. ಅಡಿಕೆ ತೋಟದ ಆದಾಯವಿರುವ ಕೃಷಿಕರಿಗೆ ತೆರಿಗೆ ರಿಟರ್ನ್ಸ್ ಇಲ್ಲದಿರಬಹುದು. ಅವರು ಪಹಣಿ, ಅಡಿಕೆ ಮಾರಿದ ರಸೀದಿ ಮತ್ತು ಆ ಹಣ ಬ್ಯಾಂಕಿಗೆ ಜಮೆಯಾದ ವಿವರವನ್ನು ಜೊತೆಗಿಟ್ಟು, ಒಂದು ಪುಟದ ಪತ್ರದಲ್ಲಿ ವಿವರಿಸಬೇಕು. ಅರ್ಜಿಯ ಹಿಂದಿನ ವಾರ ಖಾತೆಗೆ ದೊಡ್ಡ ಮೊತ್ತ ಒಮ್ಮೆಲೇ ಬಂದು ಬಿದ್ದಿದ್ದರೆ ಅನುಮಾನ ಬರುತ್ತದೆ. ಠೇವಣಿ ಮುರಿದು ಹಾಕಿದ ಹಣವಾದರೆ ಅದರ ರಸೀದಿ ಇರಲಿ.

ಎಷ್ಟು ಹಣ ತೋರಿಸಬೇಕು? ಸ್ವಂತ ಖರ್ಚಿನಲ್ಲಿ ಬರುವವರಿಗೆ ಸ್ವಿಟ್ಜರ್ಲೆಂಡ್ ಇಟ್ಟಿರುವ ಮಾರ್ಗಸೂಚಿ ದಿನಕ್ಕೆ ತಲಾ 100 ಫ್ರಾಂಕ್. ಇಬ್ಬರು 10 ದಿನ ಇರುವುದಾದರೆ 2000 ಫ್ರಾಂಕ್ ಆಯಿತು. ಪ್ರವಾಸ ಮುಗಿದ ಮೇಲೆ ಮನೆ ಖರ್ಚಿಗೆ ಖಾತೆಯಲ್ಲಿ ಏನಾದರೂ ಉಳಿಯುತ್ತದೆ ಎಂಬುದೂ ಕಾಣಬೇಕು.

ಕೆಲವು ಮಧ್ಯವರ್ತಿಗಳು ನಕಲಿ ಹೋಟೆಲ್ ಚೀಟಿ, ತಿದ್ದಿದ ಬ್ಯಾಂಕ್ ಲೆಕ್ಕ ಕೊಟ್ಟು ‘ಎಲ್ಲ ನಾವು ನೋಡಿಕೊಳ್ಳುತ್ತೇವೆ’ ಎನ್ನುವುದುಂಟು. ಅರ್ಜಿಯ ಕೆಳಗಿನ ಸಹಿ ಮಾತ್ರ ನಿಮ್ಮದು. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಮುಂದಿನ ಅರ್ಜಿಗಳ ಮೇಲೂ ಅದರ ನೆರಳು ಬೀಳುತ್ತದೆ. ಅರ್ಜಿಯ ಪ್ರತಿಯೊಂದು ಸಾಲನ್ನೂ ಓದಿಯೇ ಸಹಿ ಮಾಡಿ. ಪೂರ್ತಿ ಪ್ರತಿಯೊಂದನ್ನು ನಿಮ್ಮಲ್ಲಿಟ್ಟುಕೊಳ್ಳಿ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಪತ್ರದಲ್ಲಿ ಗುರುತಿಸಿರುತ್ತಾರೆ. ಆ ಕಾರಣವನ್ನು ಸರಿಪಡಿಸದೆ ಅದೇ ಕಾಗದಗಳನ್ನು ಮತ್ತೆ ಕೊಡುವುದರಿಂದ ಪ್ರಯೋಜನವಿಲ್ಲ.

ವಿಮೆಯನ್ನು ಓದಿ ಕೊಳ್ಳಿ

ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವೈದ್ಯಕೀಯ ವಿಮೆ ಕಡ್ಡಾಯ. ಕಡಿಮೆ ಕಂತಿನದನ್ನು ನೋಡಿ ಕೊಳ್ಳುವ ಬದಲು ಒಳಗಿನ ಷರತ್ತುಗಳನ್ನು ಓದಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಮೊದಲೇ ಇದ್ದರೆ ಅದನ್ನು ಮುಚ್ಚಿಡಬಾರದು. ಅಂತಹ ಕಾಯಿಲೆಯಿಂದ ಬಂದ ತುರ್ತುಸ್ಥಿತಿಗೆ ವಿಮೆ ಅನ್ವಯಿಸುತ್ತದೆಯೇ ಎಂಬುದನ್ನು ಬರಹದಲ್ಲೇ ಕೇಳಿ ಪಡೆಯಿರಿ. ವೀಸಾಕ್ಕೆ ಸಾಕಾಗುವ ವಿಮೆ ನಿಮ್ಮ ತಾಯಿಯವರ ಆರೋಗ್ಯಕ್ಕೆ ಸಾಕಾಗದಿರಬಹುದು.

ಔಷಧಿಗಳನ್ನು ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯ ಜೊತೆ, ಕೈಚೀಲದಲ್ಲಿ ಇಟ್ಟುಕೊಳ್ಳಬೇಕು. ಚೀಟಿಯಲ್ಲಿ ಕಂಪನಿಯ ಹೆಸರಿನ ಬದಲು ಔಷಧಿಯ ಮೂಲ ಹೆಸರಿದ್ದರೆ ಅಲ್ಲಿನ ವೈದ್ಯರಿಗೆ ತಿಳಿಯುತ್ತದೆ. ತುರ್ತು ಸಹಾಯಕ್ಕೆ ಎರಡೂ ದೇಶಗಳಲ್ಲಿ 112 ಸಂಖ್ಯೆಗೆ ಕರೆ ಮಾಡಬಹುದು.

ಮಂಗಳೂರಿನಿಂದ ಹೊರಡುವ ದಾರಿ

ಮಂಗಳೂರಿನಿಂದ ಯೂರೋಪಿಗೆ ನೇರ ವಿಮಾನವಿಲ್ಲ. ಬೆಂಗಳೂರು ಅಥವಾ ಮುಂಬಯಿಗೆ ಹೋಗಿ ಅಲ್ಲಿಂದ ಹೊರಡುವುದು ಒಂದು ದಾರಿ. ಕೊಲ್ಲಿ ದೇಶಗಳ ಮೂಲಕ ಹೋಗುವುದು ಇನ್ನೊಂದು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವಿದೆ. ಅಲ್ಲಿಂದ ಬಾಸೆಲ್‌ಗೆ ವೇಗದ ರೈಲಿನಲ್ಲಿ ಸುಮಾರು ಮೂರು ಗಂಟೆಯ ಪ್ರಯಾಣ.

ಹಣ ಉಳಿಸಲು ಮಂಗಳೂರಿನಿಂದ ಕೊಲ್ಲಿಗೆ ಒಂದು ಟಿಕೆಟ್, ಅಲ್ಲಿಂದ ಯೂರೋಪಿಗೆ ಬೇರೆ ಟಿಕೆಟ್ ಕೊಳ್ಳುವವರಿದ್ದಾರೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಹೊಣೆ ಪ್ರಯಾಣಿಕರದೇ. ನಡುವೆ ಪೆಟ್ಟಿಗೆ ಬಿಡಿಸಿಕೊಂಡು ಮತ್ತೆ ಹಾಕಬೇಕಾದರೆ ಆ ದೇಶದ ವೀಸಾ ಕೂಡ ಬೇಕಾದೀತು. ಕೊನೆಯವರೆಗೆ ಒಂದೇ ಟಿಕೆಟ್ ಇದ್ದರೆ ಈ ಚಿಂತೆಯಿಲ್ಲ.

ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ನಮ್ಮ ವಿಮಾನ ನಿಲ್ದಾಣ ಗುಡ್ಡದ ನೆತ್ತಿಯ ಮೇಲಿದೆ. ಜೋರು ಮಳೆ, ಮೋಡ ಕವಿದಾಗ ವಿಮಾನಗಳು ಬೇರೆ ಊರಿಗೆ ತಿರುಗುವುದುಂಟು. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ರಸ್ತೆ, ರೈಲು ಎರಡೂ ನಿಲ್ಲುತ್ತವೆ. 2024ರ ಜುಲೈ ತಿಂಗಳಲ್ಲಿ ಆದದ್ದು ಹಾಗೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವವರು ಒಂದು ದಿನ ಮೊದಲೇ ಬೆಂಗಳೂರು ಸೇರಿಕೊಳ್ಳುವುದು ಕ್ಷೇಮ.

ಅಲ್ಲಿನ ಹವೆಗೆ ಮೇ, ಜೂನ್ ಮತ್ತು ಸೆಪ್ಟೆಂಬರ್ ಹಿತವಾದ ತಿಂಗಳುಗಳು. ಜೂನ್‌ನಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ.

ಪೆಟ್ಟಿಗೆಯಲ್ಲಿ ಏನಿರಬಾರದು?

ಮಕ್ಕಳಿಗೆಂದು ತುಪ್ಪ, ಪೇಡೆ, ಕೋಳಿ ಸುಕ್ಕ ಕಟ್ಟಿಕೊಡುವುದು ನಮ್ಮ ತಾಯಂದಿರ ಪ್ರೀತಿ. ಆದರೆ ನಮ್ಮಂತಹ ದೇಶಗಳಿಂದ ಬರುವವರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಯೂರೋಪಿನ ಒಕ್ಕೂಟದ ದೇಶಗಳಿಗೆ ಒಯ್ಯುವಂತಿಲ್ಲ. ತಾಜಾ ಹಣ್ಣು, ತರಕಾರಿ, ಹೂವು, ಸೊಪ್ಪುಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಹಾಗಾಗಿ ಮಾವಿನಹಣ್ಣು, ಹಸಿ ಕರಿಬೇವು, ಶಂಕರಪುರ ಮಲ್ಲಿಗೆಯ ಅಟ್ಟೆ ಮನೆಯಲ್ಲೇ ಉಳಿಯಲಿ. ತೆಂಗಿನಕಾಯಿ, ಬಾಳೆಹಣ್ಣು, ಅನಾನಸು, ಖರ್ಜೂರ ಮತ್ತು ಡ್ಯೂರಿಯನ್ ಹಣ್ಣಿಗೆ ಮಾತ್ರ ಈ ನಿಯಮದಿಂದ ವಿನಾಯಿತಿಯಿದೆ. ಸಾರಿನ ಪುಡಿ, ಚಟ್ನಿಪುಡಿ, ಕುಚ್ಚಲಕ್ಕಿ ಸ್ವಲ್ಪ ಇದ್ದರೆ ಅಡುಗೆಮನೆಯಿರುವ ಬಾಡಿಗೆ ಕೋಣೆಯಲ್ಲಿ ಗಂಜಿ ಊಟಕ್ಕೆ ಕೊರತೆಯಾಗದು.

ಇಳಿದ ಮೇಲೆ

2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದ ಹೊಸ ವ್ಯವಸ್ಥೆಯಂತೆ ಗಡಿಯಲ್ಲಿ ಭಾವಚಿತ್ರ, ಬೆರಳಚ್ಚುಗಳ ಮೂಲಕ ಬಂದುಹೋದ ದಿನಗಳು ಕಂಪ್ಯೂಟರಿನಲ್ಲಿ ದಾಖಲಾಗುತ್ತವೆ. ಯಾವುದೇ 180 ದಿನಗಳಲ್ಲಿ 90 ದಿನ ಮೀರುವಂತಿಲ್ಲ. ವೀಸಾದಲ್ಲಿ ಅದಕ್ಕಿಂತ ಕಡಿಮೆ ದಿನ ನಮೂದಾಗಿದ್ದರೆ ಅಷ್ಟೇ ದಿನ. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ.

ಹಣದ ವಿಷಯದಲ್ಲಿ ಜರ್ಮನಿಯಲ್ಲಿ ಯೂರೋ, ಸ್ವಿಟ್ಜರ್ಲೆಂಡಿನಲ್ಲಿ ಫ್ರಾಂಕ್. ಸ್ವಲ್ಪ ನಗದು, ಉಳಿದದ್ದು ಬ್ಯಾಂಕಿನ ಫಾರೆಕ್ಸ್ ಕಾರ್ಡ್‌ನಲ್ಲಿ ಇರಲಿ. ಅಂಗಡಿಯ ಯಂತ್ರ ‘ರೂಪಾಯಿಯಲ್ಲಿ ಕೊಡುತ್ತೀರಾ’ ಎಂದು ಕೇಳಿದರೆ ಬೇಡವೆಂದು ಅಲ್ಲಿನ ನಾಣ್ಯವನ್ನೇ ಆರಿಸಿ. ರೂಪಾಯಿ ಆರಿಸಿದರೆ ವಿನಿಮಯದಲ್ಲಿ ಹೆಚ್ಚು ಹಣ ಹೋಗುತ್ತದೆ. ಇಲ್ಲಿ ಪ್ರವಾಸದ ಪ್ಯಾಕೇಜ್ ಕೊಳ್ಳುವಾಗ ಮೂಲದಲ್ಲೇ ಸಂಗ್ರಹಿಸುವ ತೆರಿಗೆಯ ರಸೀದಿಯನ್ನು ಜೋಪಾನವಾಗಿಡಿ. ಆದಾಯ ತೆರಿಗೆಯ ರಿಟರ್ನ್ಸ್‌ನಲ್ಲಿ ಅದು ನಿಮ್ಮ ಲೆಕ್ಕಕ್ಕೆ ಜಮೆಯಾಗುತ್ತದೆ.

ಬಾಸೆಲ್ ಮೂರು ದೇಶಗಳು ಕೂಡುವ ಮೂಲೆಯಲ್ಲಿದೆ. ಅಲ್ಲಿನ ಟ್ರಾಮ್ ಹತ್ತಿ ಜರ್ಮನಿಯ ವೈಲ್ ಊರಿಗೂ ಫ್ರಾನ್ಸಿನ ಸೇಂಟ್ ಲೂಯಿಗೂ ಹೋಗಬಹುದು. ಮುಖ್ಯ ರೈಲು ನಿಲ್ದಾಣಗಳು ಎರಡು: ಸ್ವಿಸ್ ರೈಲ್ವೆಯ ಬಾಸೆಲ್ ಎಸ್‌ಬಿಬಿ, ಜರ್ಮನ್ ರೈಲ್ವೆಯ ಬಾಡಿಶರ್ ನಿಲ್ದಾಣ. ಟಿಕೆಟಿನಲ್ಲಿ ಯಾವುದಿದೆಯೆಂದು ನೋಡಿಕೊಳ್ಳದಿದ್ದರೆ ರೈಲು ತಪ್ಪುತ್ತದೆ. ಬಾಸೆಲ್‌ನ ಹೋಟೆಲಿನಲ್ಲಿ ತಂಗುವವರಿಗೆ ಕೊಡುವ ಅತಿಥಿ ಕಾರ್ಡಿನಿಂದ ಊರೊಳಗಿನ ಟ್ರಾಮ್, ಬಸ್ ಉಚಿತ. ಜರ್ಮನಿಯ ಭಾಗದಲ್ಲಿ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದ ಒಂದು ದಿನದ ಟಿಕೆಟ್ ಐದು ಜನರವರೆಗೆ ಒಟ್ಟಾಗಿ ಸಿಗುತ್ತದೆ. ಅದು ನಿಧಾನದ ರೈಲುಗಳಿಗೆ ಮಾತ್ರ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 9ರ ನಂತರ ಅನ್ವಯ. ಸ್ಟುಟ್‌ಗಾರ್ಟ್‌ನಿಂದ ಟ್ಯೂಬಿಂಗನ್‌ಗೆ ಸುಮಾರು ಒಂದು ಗಂಟೆ.

ಭಾನುವಾರ ಎರಡೂ ದೇಶಗಳಲ್ಲಿ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಅಕ್ಕಿ, ಹಾಲು, ತರಕಾರಿಯನ್ನು ಶನಿವಾರವೇ ತಂದಿಟ್ಟುಕೊಳ್ಳಬೇಕು. ನಲ್ಲಿಯ ನೀರನ್ನೇ ಕುಡಿಯಬಹುದು. ಸಾರ್ವಜನಿಕ ಶೌಚಾಲಯಗಳಲ್ಲಿ ಹಲವೆಡೆ ನಾಣ್ಯ ಹಾಕಬೇಕಾದ್ದರಿಂದ ಚಿಲ್ಲರೆ ಕೈಯಲ್ಲಿರಲಿ.

ಇಷ್ಟೆಲ್ಲ ಸಿದ್ಧತೆಯ ನಂತರ ಒಂದು ಮಧ್ಯಾಹ್ನವನ್ನು ಯಾವ ಕೆಲಸವೂ ಇಲ್ಲದೆ ಉಳಿಸಿಕೊಳ್ಳಿ. ಬಾಸೆಲ್‌ನಲ್ಲಿ ರೈನ್ ನದಿಯನ್ನು ದಾಟಿಸುವ ಮರದ ದೋಣಿಗಳಿವೆ. ಅವುಗಳಿಗೆ ಯಂತ್ರವಿಲ್ಲ, ಹುಟ್ಟಿಲ್ಲ. ಮೇಲಿನ ತಂತಿಗೆ ಕಟ್ಟಿದ ದೋಣಿಯನ್ನು ನೀರಿನ ಸೆಳವೇ ಆಚೆ ದಡಕ್ಕೆ ಒಯ್ಯುತ್ತದೆ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ಹೋದವರಿಗೆ ಅಲ್ಲಿ ಕುಳಿತಾಗ ನಮ್ಮೂರಿನ ಹೊಳೆ ನೆನಪಾಗದೆ ಇರದು. ಮಂಗಳೂರಿಗೆ ಹೊರಟ ಹರೆಯದ ಹುಡುಗರು ತಿಂಗಳುಗಟ್ಟಲೆ ಹಡಗಿನಲ್ಲಿ ಕಳೆದು, ಮರಳುವ ಖಾತ್ರಿಯಿಲ್ಲದೆ ಈ ಊರನ್ನು ಬಿಟ್ಟು ಬಂದವರು. ನಮಗೆ ಅದೇ ದಾರಿ ಒಂದು ದಿನದ್ದು, ಮರಳುವ ಟಿಕೆಟ್ ಕೈಯಲ್ಲೇ ಇರುತ್ತದೆ. ಕಾಗದಪತ್ರಗಳನ್ನು ಮೊದಲೇ ಸರಿಮಾಡಿಕೊಂಡು, ನಿಶ್ಚಿಂತೆಯಿಂದ ಹೋಗಿಬನ್ನಿ.